ಅತ್ತೆ ಕ್ಯಾಮೆರಾ ಕೊಳ್ಳೋ ದಿನ

ಅತ್ತೆ,

ಒಳ್ಳೆ ನಿದ್ದೆಯಲ್ಲಿದ್ರಿ, ಎಬ್ಬಿಸಲಿಲ್ಲ. ಆಸ್ಪತ್ರೆಗೆ ಹೊರಟೆ. ಸಂಜೆ ಡ್ಯೂಟಿ ಮುಗಿಸಿ ನೇರ ಕ್ಯಾಮೆರಾ ಅಂಗಡಿಗೇ ಬರ್ತೀನಿ, ನೀವೂ ಅಲ್ಲಿಗೇ ಬನ್ನಿ.

ನಿಮ್ಮ ಮಗ "ಈ ವಯಸ್ಸಲ್ಲಿ ಕ್ಯಾಮೆರಾ ಯಾಕಮ್ಮ, ಫೋನ್ ಸಾಲ್ದಾ" ಅಂತ ರಾಗ ಎಳೀತಾರೆ. ಕಿವಿಗೆ ಹಾಕ್ಕೋಬೇಡಿ.

ನಾನು ಬರೋದು ತಡವಾದ್ರೆ ಅಂಗಡಿಯವನ ಮಾತಿಗೆ ಮರುಳಾಗಬೇಡಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಸೂಜಿ ಹಿಡಿದು ಸವೆದ ನಿಮ್ಮ ಬೆರಳಿಗೆ ಗುಂಡಿ ಸಲೀಸಾಗಿ ಸಿಗಬೇಕು, ಮಣಿಕಟ್ಟು ನೋಯಬಾರದು. ಭಾರದ್ದು ಬೇಡವೇ ಬೇಡ. ಕನ್ನಡಕ ಹೊಲಿಗೆ ಮೆಷಿನ್ ಮೇಲಿದೆ, ಮರೀಬೇಡಿ. ಇನ್ನು ಹೊಸ ಲೆನ್ಸನ್ನೂ ಕೈಗೆ ಸಿಕ್ಕಿದ ಬಟ್ಟೆ ಚೂರಲ್ಲಿ ಒರೆಸಿದ್ರೋ, ಜಗಳ ಗ್ಯಾರಂಟಿ!

ಇಷ್ಟು ದಿನ ನೀವು ಫೋನಲ್ಲಿ ತೆಗೆದ ಫೋಟೋಗಳಲ್ಲಿ ಯಾರಿಗೂ ತಲೆಯೇ ಇರ್ತಿರಲಿಲ್ಲ. ಜೀವಮಾನವೆಲ್ಲ ಟೈಲರಿಂಗ್ ಮಾಡಿದ ಕಣ್ಣು, ಕುತ್ತಿಗೆಯಿಂದ ಕೆಳಗೇ ನೋಡ್ತಿತ್ತು. ನಾನು ಮೊದಲ ಸಲ ಈ ಮನೆಗೆ ಬಂದಾಗ್ಲೂ ಅಷ್ಟೇ, "ತೋಳಿನ ಹೊಲಿಗೆ ಸೊಟ್ಟಗಿದೆ" ಅಂದ್ರಿ, ಮುಖ ಎತ್ತಿ ನೋಡಲಿಲ್ಲ.

ಮೊನ್ನೆ ಡ್ಯೂಟಿಯಿಂದ ಬಂದವಳನ್ನ ಕಿಟಕಿ ಬೆಳಕಿಗೆ ಕೂರಿಸಿ ತೆಗೆದಿರಲ್ಲ, ಆ ಫೋಟೋನ ನಿನ್ನೆ ವಾರ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಹೆಡ್ ನರ್ಸ್ ಯಾವ ಸ್ಟುಡಿಯೋ ಅಂತ ಕೇಳಿದ್ರು. "ನಮ್ಮತ್ತೆ ತೆಗೆದಿದ್ದು" ಅಂದೆ. ಹೇಳುವಾಗ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ ನನಗೆ.

ಆ ಫೋಟೋದಲ್ಲಿ ನನ್ನ ಯೂನಿಫಾರ್ಮಿನ ಕಾಲರ್ ಒಳಕ್ಕೆ ಮಡಚಿಕೊಂಡಿದೆ ಅತ್ತೆ. ನಿಮಗದು ಕಂಡೇ ಇಲ್ಲ.