ನೂರಾ ಎಂಬತ್ತೇಳನೇ ಪುಟದ ಹೆಂಗಸು

ಮಂಗಳವಾರ, ಅಕ್ಟೋಬರ್ ೮

ಮಾನ್ಯ ಕಾದಂಬರಿಕಾರರಿಗೆ, ಅಂದರೆ ನನ್ನ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇದ್ದೀರಿ ಅಂತ ಪೇಪರಿನಲ್ಲಿ ಬಂದ ನಿಮ್ಮ ಫೋಟೋ ಹೇಳುತ್ತದೆ. ಕುಶಲ ಇಷ್ಟು ಸಾಕು, ಇನ್ನು ಜಗಳಕ್ಕೆ ಬರುತ್ತೇನೆ.

ನೀವು ಈ ಮನೆ ಬಿಟ್ಟು ಹನ್ನೆರಡು ವರ್ಷವಾಯಿತು. ಪ್ರಕಾಶಕರಿಗೆ ಹೊಸ ವಿಳಾಸ ಕೊಡಲು ಇಷ್ಟು ವರ್ಷದಲ್ಲಿ ಪುರುಸೊತ್ತಾಗಲಿಲ್ಲವೇ? ಪತ್ತೇದಾರಿ ಕಾದಂಬರಿಯ ಕೊನೆಗೆ ‘ಓದುಗರ ಅಭಿಪ್ರಾಯಕ್ಕೆ ಸ್ವಾಗತ’ ಅಂತ ಅಚ್ಚು ಹಾಕಿಸಿ, ಕೆಳಗೆ ನನ್ನ ಮನೆಯ ವಿಳಾಸ! ಎರಡು ತಿಂಗಳಿಂದ ಅಂಚೆಯವನು ನನ್ನನ್ನು ರೈಟರ್ ಮೇಡಂ ಅನ್ನುತ್ತಿದ್ದಾನೆ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದೆ. ಕಳ್ಳರ ಕೈಗುರುತು ಹೋಲಿಸುವವಳನ್ನು ಆಗ ಬೀದಿಯವರೆಲ್ಲ ಟೈಪಿಸ್ಟ್ ಅಂದುಕೊಂಡಿದ್ದರು. ನಿವೃತ್ತಿಯಾದ ಮೇಲೆ ಈಗ ರೈಟರು. ನನ್ನ ಹಣೆಬರಹದಲ್ಲಿ ನಾನು ಮಾಡಿದ ಕೆಲಸದ ಹೆಸರೊಂದು ಬಿಟ್ಟು ಎಲ್ಲ ಇದೆ.

ಬಂದ ಹದಿನೇಳು ಕಾಗದವನ್ನೂ ಒಡೆದು ಓದಿದ್ದೇನೆ. ಕ್ಷಮೆ ಕೇಳುವುದಿಲ್ಲ. ನನ್ನ ಬಾಗಿಲಿಗೆ ಬಂದದ್ದನ್ನು ನಾನು ಓದುತ್ತೇನೆ. ಹದಿನಾರನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಓದುವ ಮೊದಲು ಎದೆ ಗಟ್ಟಿ ಮಾಡಿಕೊಳ್ಳಿ.

ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕೆಂಪು ಇಂಕಿನಲ್ಲಿ ನಿಮಗೆ ನೂರಕ್ಕೆ ನಲವತ್ತೆರಡು ಕೊಟ್ಟಿದ್ದಾರೆ. ಇನ್ನೂರ ನಲವತ್ತು ಪುಟದಲ್ಲಿ ಇನ್ನೂರ ಹನ್ನೆರಡು ಪುಟ ಮಳೆಯಂತೆ. “ಸ್ವಾಮಿ, ನೀವು ಬರೆದಿರೋದು ನಮ್ಮ ಊರಿನಂಥ ಮಹಾನಗರದ ಕಥೆ. ಇಲ್ಲಿ ಅರ್ಧ ಗಂಟೆ ಸುರಿದ್ರೆ ಚರಂಡಿ ಉಕ್ಕುತ್ತೆ. ನಿಮ್ಮ ಪತ್ತೇದಾರ ಎರಡನೇ ಅಧ್ಯಾಯದಲ್ಲೇ ಕೊಚ್ಚಿಕೊಂಡು ಹೋಗಬೇಕಿತ್ತು” ಅಂದಿದ್ದಾರೆ. ಅವನು ಸೇದಿದ ಸಿಗರೇಟನ್ನೂ ಎಣಿಸಿದ್ದಾರೆ. ಅಷ್ಟು ಸೇದುವವನಿಗೆ ಬೇರೆ ಕೊಲೆಗಾರ ಯಾಕೆ ಬೇಕು ಅಂತ ಅವರ ಪ್ರಶ್ನೆ. ನನ್ನದೂ ಅದೇ.

ದಂತವೈದ್ಯೆಯೊಬ್ಬಳ ಸಿಟ್ಟು ಬೇರೆ ಥರದ್ದು. ನಿಮ್ಮ ಪುಸ್ತಕದಲ್ಲಿ ತುಟಿಗೆ ಬಣ್ಣ ಹಚ್ಚಿದ ಹೆಂಗಸರೆಲ್ಲ ಮೋಸಗಾತಿಯರು, ಹಚ್ಚದವರೆಲ್ಲ ಹೆಣಗಳು. ತಾನು ಇವೆರಡರಲ್ಲಿ ಯಾವುದು ಅಂತ ತಿಳಿಸಬೇಕಂತೆ. ದಯವಿಟ್ಟು ತಿಳಿಸಿ.

ಬಸ್ ಕಂಡಕ್ಟರ್ ಒಬ್ಬ ಮಾತ್ರ ಹೊಗಳಿದ್ದಾನೆ. ಓದುತ್ತ ಓದುತ್ತ ಮೂರು ಸ್ಟಾಪಿನ ಜನಕ್ಕೆ ಟಿಕೆಟ್ ಕೊಡುವುದನ್ನೇ ಮರೆತನಂತೆ. ಆದರೆ ಕೊನೆ ಅವನಿಗೂ ಹಿಡಿಸಿಲ್ಲ. “ಆ ಬೆರಳಚ್ಚಿನ ಹೆಂಗಸನ್ನ ಸುಮ್ನೆ ಮಂಜಲ್ಲಿ ಮಾಯ ಮಾಡ್ಬಿಟ್ರಲ್ಲ ಸಾರ್. ಸುಳ್ಳು ಬರೆದೋಳು ಅವಳು. ಅವಳಿಗೇನಾಯ್ತು?”

ಓದಿ ತಟ್ಟೆ ತೊಳೆಯಲು ಹೋದೆ. ಒಂದೇ ತಟ್ಟೆಯನ್ನು ಎಷ್ಟು ಹೊತ್ತು ತೊಳೆದೆನೋ ಗೊತ್ತಿಲ್ಲ.

ಈಗ ಹದಿನೇಳನೆಯ ಕಾಗದ. ಅದನ್ನು ಕಳಿಸುತ್ತಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ ಹೆಂಗಸು ಬರೆದದ್ದು, ಅಂಗಡಿಯ ಅಳತೆ ಪುಸ್ತಕದಿಂದ ಹರಿದ ಹಾಳೆಯಲ್ಲಿ. ಮಳೆಯ ಬಗ್ಗೆ ಅವಳ ತಕರಾರಿಲ್ಲ. ಅವಳು ಕೇಳಿದ್ದು ಇಷ್ಟೇ. “ನೂರಾ ಎಂಬತ್ತೇಳನೇ ಪುಟದಲ್ಲಿ ಆ ಹೆಂಗಸು ಏಳು ಗುರುತು ಎಣಿಸಿ ಹನ್ನೆರಡು ಹೊಂದುತ್ತೆ ಅಂತ ಬರೀತಾಳೆ. ಸತ್ತವನು ಫೋಟೋ ಸ್ಟುಡಿಯೋದವನು, ಸಿಕ್ಕಿಬಿದ್ದವನು ಅದೇ ಕಟ್ಟಡದ ಲಿಫ್ಟ್ ನಡೆಸೋನು. ನನ್ನಣ್ಣ ಲಿಫ್ಟ್ ನಡೆಸ್ತಿದ್ದ. ಒಂಬತ್ತು ವರ್ಷ ಒಳಗಿದ್ದು ಬಂದ. ಇದು ಕಥೆಯಾ, ಗೊತ್ತಿದ್ದು ಬರೆದಿದ್ದಾ?”

ಏನ್ರೀ, ನಿಮಗೆ ಬುದ್ಧಿ ಇದೆಯಾ? ಸ್ಟುಡಿಯೋವನ್ನು ಹೋಟೆಲ್ ಮಾಡಲು ಬರುತ್ತಿರಲಿಲ್ಲವೇ? ಲಿಫ್ಟಿನವನನ್ನು ಕಾವಲುಗಾರ ಮಾಡಲು ಎಷ್ಟು ಶಾಯಿ ಬೇಕಿತ್ತು? ಇಡೀ ಊರಿಗೆ ಇಲ್ಲದ ಮಳೆ ಸುರಿಸಿದ ನಿಮ್ಮ ಕಲ್ಪನೆ ಅಲ್ಲಿಗೆ ಬಂದು ಒಣಗಿಹೋಯಿತೇ?

ಆ ಕೇಸಿನ ಬಗ್ಗೆ ನಾನು ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಆದರೆ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ತಟ್ಟೆಯ ಮೇಲೆ ಸಿಕ್ಕ ಬೆರಳಚ್ಚನ್ನೂ ಲಿಫ್ಟಿನವನದನ್ನೂ ದೊಡ್ಡದು ಮಾಡಿಸಿ ಮನೆಗೆ ತಂದಿದ್ದೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಗುಂಡುಸೂಜಿಯ ತುದಿಯಿಂದ ಗೆರೆ ಹಿಡಿದು, ಬಾಯಿಬಿಟ್ಟು ಎಣಿಸುತ್ತಿದ್ದೆ. ಎರಡೂ ಒಂದೇ ಬೆರಳು ಅನ್ನಲು ಹನ್ನೆರಡು ಗುರುತು ಹೊಂದಬೇಕು. ಎಷ್ಟು ಸಲ ಎಣಿಸಿದರೂ ಏಳಕ್ಕೆ ನಿಲ್ಲುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ನಿಮಗೆ ಕೇಳಿಸಿದೆ. ಚಪ್ಪಲಿ ಎಲ್ಲಿ ಬಿಟ್ಟೆ ಅಂತ ನೆನಪಿರದ ಮನುಷ್ಯರಿಗೆ ಆ ಏಳು ಮಾತ್ರ ಹದಿನಾರು ವರ್ಷ ನೆನಪಿತ್ತು.

ಮತ್ತೆ ಆ ವರದಿಗೆ ಸಹಿ ಯಾಕೆ ಹಾಕಿದೆ? ಪುಸ್ತಕದಲ್ಲಿ ನೀವು ಅವಳ ತಲೆಗೆ ಪಿಸ್ತೂಲು ಹಿಡಿಸಿದ್ದೀರಿ. ನನ್ನ ತಲೆಗೆ ಯಾರೂ ಏನೂ ಹಿಡಿದಿರಲಿಲ್ಲ. ಮೇಲಧಿಕಾರಿ ಬಾಗಿಲಲ್ಲಿ ನಿಂತು, “ಮೇಡಂ, ಅವನೇ ಅಂತ ಎಲ್ರಿಗೂ ಗೊತ್ತು. ನಿಮಗೆ ಕಷ್ಟ ಆದ್ರೆ ಬೇರೆಯವರಿಗೆ ಕೊಡ್ತೀನಿ” ಅಂದರು, ನಯವಾಗಿಯೇ. ಆ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಹೆಂಗಸಿಗೆ ಗೆರೆ ಕಾಣಿಸುವುದಿಲ್ಲ ಅನ್ನಿಸಿಕೊಳ್ಳಲಾರದೆ ಹನ್ನೆರಡು ಅಂತ ಬರೆದೆ. ಅಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ಯಾವ ಓದುಗರೂ ಅಂಕ ಕೊಡುವುದಿಲ್ಲ, ನನಗೆ ಗೊತ್ತು.

ಕಳೆದ ಬುಧವಾರ ಆ ದರ್ಜಿಯ ಮನೆಗೆ ಹೋದೆ. ಎರಡು ಕೋಣೆಯ ಮನೆ. ಒಂದರ ತುಂಬ ನೀಲಿ ಲಂಗಗಳು. ಅಣ್ಣ ಕಿಟಕಿಯ ಹತ್ತಿರ ಕೂತು ಗುಂಡಿ ಹಚ್ಚುತ್ತಿದ್ದ. ತಂಗಿ, “ನೀವು ಆ ಬರೆದೋರ ಕಡೆಯವರಾ?” ಅಂದಳು. “ಅಲ್ಲಮ್ಮ, ಆ ಪುಟದಲ್ಲಿರೋ ಹೆಂಗಸು ನಾನೇ” ಅಂದೆ. ಅವಳ ಕಾಲು ಹೊಲಿಗೆ ಯಂತ್ರದ ಮೇಲೆ ಹಾಗೇ ನಿಂತಿತು. ಅಣ್ಣ ಸೂಜಿ ಕೆಳಗಿಡದೆ ಕೇಳಿದ, “ಏಳೇ ಇತ್ತಾ ಮೇಡಂ?”

“ಏಳೇ.”

ಅವನು ಹಚ್ಚುತ್ತಿದ್ದ ಗುಂಡಿಯ ದಾರ ಕಡಿದ. ಆಮೇಲೆ ಅಂದ, “ಅಷ್ಟು ಓದಿದೋರು ಖಂಡಿತವಾಗಿ ಹೇಳ್ತಿದಾರಲ್ಲ, ನನಗೆ ನೆನಪಿಲ್ಲದ ಹಾಗೆ ನಾನೇ ಏನಾದ್ರೂ ಮಾಡಿದ್ನಾ ಅಂತ ಒಳಗೆ ಕೂತು ಯೋಚನೆ ಮಾಡ್ತಿದ್ದೆ. ಕೊನೆಕೊನೆಗೆ ನಾನೇ ಮಾಡಿರ್ಬೇಕು ಅಂತ ಒಪ್ಪಿಕೊಂಡುಬಿಟ್ಟಿದ್ದೆ.”

ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ಬೈಯಲಿಲ್ಲ. ತಂಗಿ ಎದ್ದು ಬಾಗಿಲು ತೆಗೆದು ನಿಂತಳು. “ಇದನ್ನ ನಮ್ಮ ಮನೇಲಿ ಹೇಳಿದ್ರೆ ಏನು ಬಂತು? ಹೇಳ್ಬೇಕಾದ ಕಡೆ ಹೇಳಿ” ಅಂದಳು.

ಹೇಳಬೇಕಾದ ಕಡೆ ಹೇಳಿದ್ದೇನೆ. ನಿನ್ನೆ ವಕೀಲರೊಬ್ಬರ ಕಚೇರಿಯಲ್ಲಿ ನಾಲ್ಕು ಪುಟದ ಪ್ರಮಾಣಪತ್ರ ಬರೆಸಿ ಸಹಿ ಹಾಕಿದೆ. ಈ ಸಲ ಹಾಕುವ ಮೊದಲು ಮೂರು ಸಲ ಓದಿದೆ. ಅವನ ಕೇಸು ಮತ್ತೆ ತೆರೆಯಲು ಅರ್ಜಿ ಹಾಕುತ್ತಾರೆ. ನನ್ನ ಮೇಲೂ ಕೇಸು ಬೀಳಬಹುದು ಅಂದರು. ಬೀಳಲಿ.

ನಿಮ್ಮಿಂದ ಒಂದು ಕೆಲಸವಾಗಬೇಕು. ಆ ವರ್ಷದ ನಿಮ್ಮ ದಿನಚರಿ ಬೇಕು. ಅದರಲ್ಲಿ ನೀವು ಆ ಎಣಿಕೆಯನ್ನು ಬರೆದಿಟ್ಟಿರುತ್ತೀರಿ. ಇಲ್ಲದಿದ್ದರೆ ಇಷ್ಟು ಕರಾರುವಾಕ್ಕಾಗಿ ಕಾದಂಬರಿಗೆ ಬರುತ್ತಿರಲಿಲ್ಲ. ಮುದುಕಿ ತಲೆಕೆಟ್ಟು ಈಗ ಹೇಳುತ್ತಿದ್ದಾಳೆ ಅಂತ ಯಾರೂ ತಳ್ಳಿಹಾಕದ ಹಾಗೆ ಅದು ಬೇಕೇ ಬೇಕು. ನನ್ನನ್ನು ಉಳಿಸುವ ಉಪಕಾರಕ್ಕೆ ಅದನ್ನು ಹರಿದುಗಿರಿದು ಹಾಕಿದಿರೋ, ನೋಡಿ! ಪುಸ್ತಕದಲ್ಲಿ ನನ್ನನ್ನು ಮಂಜಿನಲ್ಲಿ ಮರೆಮಾಡಿದ್ದು ದಯೆ ಅಂದುಕೊಂಡಿದ್ದೀರಿ. ನನಗೆ ಅದನ್ನು ಓದಿ ಮೈಯೆಲ್ಲ ಉರಿಯಿತು. ನಾನು ಬರೆದು ಸುಮ್ಮನಿದ್ದೆ. ನೀವು ಕೇಳಿಸಿಕೊಂಡು ಸುಮ್ಮನಿದ್ದಿರಿ, ಆಮೇಲೆ ಅಧ್ಯಾಯ ಮಾಡಿದಿರಿ. ಒಬ್ಬರನ್ನೊಬ್ಬರು ಕಾಪಾಡಿದ್ದು ಸಾಕು. ಅಷ್ಟೂ ವರ್ಷ ಅವನನ್ನು ಯಾರೂ ಕಾಪಾಡಲಿಲ್ಲ.

ದಿನಚರಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ನಿಮ್ಮ ಮಾಮೂಲಿ ಉದಾಸೀನ ಈ ಒಂದು ವಾರ ಬೇಡ. ಕೆಮ್ಮಿಗೆ ಔಷಧಿ ತೆಗೆದುಕೊಳ್ಳಿ.

ಸಿಟ್ಟು ಇನ್ನೂ ಅರ್ಧಕ್ಕರ್ಧ ಬಾಕಿ ಇರುವ,
ನಿಮ್ಮ ಹೆಂಡತಿ

ಮರೆತ ಮಾತು: ನಿಮ್ಮ ಟೈಪ್‌ರೈಟರ್ ಸದ್ದು ತಡೆಯಲಾಗದೆ ಮನೆ ಬಿಟ್ಟು ಹೋಗಿ ಅಂದೆ ಅಂತ ನಿಮ್ಮ ಅಕ್ಕನಿಗೂ ನನ್ನ ತಮ್ಮನಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಆ ಸದ್ದಿನಲ್ಲಿ ನನಗೆ ನಿದ್ದೆಯೇ ಬರುತ್ತಿತ್ತು. ಅದು ನಿಂತಾಗ ನನಗೆ ಹೆದರಿಕೆಯಾಗುತ್ತಿತ್ತು. ಈಗ ಇವರು ಎದ್ದು ಬಂದು ಆ ಕೇಸಿನಲ್ಲಿ ಏನು ಬರೆದೆ ಅಂತ ಕೇಳುತ್ತಾರೆ, ನಾನು ಒಪ್ಪಿಕೊಳ್ಳಬೇಕಾಗುತ್ತದೆ ಅಂತ. ನೀವು ಕೇಳಲೇ ಇಲ್ಲ. ಕೇಳದೆ ಇರುವವರ ಜೊತೆ ಬಾಳುವುದು ಆಗಲಿಲ್ಲ ನೋಡಿ, ಅದಕ್ಕೇ ಹೋಗಿ ಅಂದೆ.