ನೀರು ಮುಟ್ಟದ ಮನೆ

ಹೊಸಪೇಟೆ, ಸಂಡೂರು ರಸ್ತೆ
ಬುಧವಾರ, ೧೮ ಏಪ್ರಿಲ್ ೨೦೦೭

ನನ್ನವ್ವ ಸೌಜನ್ಯಾ,

ಮದುಮಗಳಿಗೆ ಬರೆಯುವ ಕಾಗದವನ್ನು ಹರಸುವ ಮಾತಿನಿಂದ ಶುರು ಮಾಡಬೇಕು. ಚೆನ್ನಾಗಿರು. ಇಷ್ಟನ್ನು ಮನಸಾರೆ ಬರೆದೆ. ಮುಂದಿನದು ಪ್ರೀತಿಯೋ ಸಿಟ್ಟೋ ನನಗೇ ಗೊತ್ತಾಗುತ್ತಿಲ್ಲ.

ಆವತ್ತು ಫೋನಿನಲ್ಲಿ ನೀನು ಎರಡು ಮಾತು ಹೇಳಿ, ಅತ್ತು, ಇಟ್ಟುಬಿಟ್ಟೆ. ಭಾನುವಾರದ ಮದುವೆಗೆ ನಾನು ಬರಬಾರದು, ಬಂದರೆ ಬೀಗರು ಎದ್ದು ಹೋಗುತ್ತಾರೆ. ಅಲ್ಲಿಯವರೆಗೆ ನಿನ್ನ ಸೋದರಮಾವ, ನನ್ನ ಅಣ್ಣ ವಿರೂಪಾಕ್ಷಪ್ಪನನ್ನು ಮಾತ್ರ ನನ್ನ ಮನೆಯಲ್ಲಿ ಬಚ್ಚಿಡಬೇಕು. ಅಕ್ಕಿಕಾಳು ಬಿದ್ದ ಮೇಲೆ ಅವನೇ ಪೊಲೀಸ್ ಠಾಣೆಗೆ ಹೋಗುತ್ತಾನೆ. ಇಷ್ಟು ವರ್ಷ ಖಾನಾವಳಿ ನಡೆಸಿದ್ದೇನೆ ಮಗಳೇ, ನಿನ್ನ ಕೈಯೂಟ ಬ್ಯಾಡ, ಡಬ್ಬಿ ಕಟ್ಟಿಕೊಡು ಅನ್ನುವ ಗಿರಾಕಿಯನ್ನು ಇದೇ ಮೊದಲು ಕಂಡೆ.

ಅಣ್ಣ ಸೋಮವಾರ ಮಧ್ಯಾಹ್ನ ಬಂದ. ಲಾರಿ ಡ್ರೈವರುಗಳು ಊಟಕ್ಕೆ ಕೂತಿದ್ದರು. ತಲೆಗೆ ಟವೆಲ್ ಸುತ್ತಿ, ಮುಖಕ್ಕೆಲ್ಲ ಅದಿರಿನ ಕೆಂಪು ಧೂಳು ಬಳಿದುಕೊಂಡು, ಅವರ ನಡುವೆಯೇ ಹಾದು ಹಿಂದಿನ ಕೋಣೆ ಸೇರಿದ. ಇಷ್ಟು ವರ್ಷ ಅದಿರು ಸಾಗಿಸಿದವನ ಮೈಗೆ ಧೂಳು ಹತ್ತಿದ್ದನ್ನು ನಾನು ನೋಡಿದ್ದು ಅವತ್ತೇ.

ಜಾಗವನ್ನೇನೋ ಚೆನ್ನಾಗಿ ಆರಿಸಿದ್ದೀರಿ. ನಿನ್ನಪ್ಪ ತೀರಿಕೊಂಡ ಮೇಲೆ ನಾನು ಮಲಪನಗುಡಿಯ ಎರ್ರಿಯಪ್ಪನ ಜೊತೆ, ಬೇರೆ ಜಾತಿಯ ಲಾರಿ ಮೆಕ್ಯಾನಿಕ್ ಜೊತೆ, ತಾಳಿ ಇಲ್ಲದೆ ಸಂಸಾರ ಹೂಡಿದೆ. ಆಗ ಅಣ್ಣ ಕಂಪ್ಲಿಯ ಹಿರಿಯರ ಮುಂದೆ, ಇನ್ನ ಈಕಿ ಮನಿ ನೀರು ಮುಟ್ಟಂಗಿಲ್ಲ ಅಂತ ಆಣೆ ಮಾಡಿ ನಿನ್ನನ್ನು ಕರೆದುಕೊಂಡು ಹೋದ. ಆ ಆಣೆ ಈ ಸೀಮೆಗೆಲ್ಲ ಗೊತ್ತು. ನಿನ್ನೆ ಪೊಲೀಸರು ಬಂದವರು ಊಟ ಮಾಡಿ, ಎಲ್ಲಿ ಹುಡುಕಿದ್ರೂ ಇಲ್ರಿ ಅಕ್ಕಾ, ನಿಮ್ಮ ಮನೀಗಂತೂ ಬರೋ ಮನುಷ್ಯ ಅಲ್ಲ ಬಿಡ್ರಿ ಅಂತ ಉತ್ತರವನ್ನೂ ತಾವೇ ಹೇಳಿಕೊಂಡು ಎದ್ದರು. ಕದದ ಹಿಂದೆ ಅಣ್ಣ ಉಸಿರು ಬಿಗಿಹಿಡಿದು ನಿಂತಿದ್ದ. ನನ್ನ ಕೆಟ್ಟ ಹೆಸರು ನಿಮ್ಮ ಮನೆತನದ ಒಳ್ಳೆಯ ಹೆಸರನ್ನು ಕಾಯುತ್ತಿತ್ತು.

ನಿನಗೆ ಅಣ್ಣನ ಮನೆಯವರು ಏನು ಹೇಳಿದ್ದಾರೋ. ಪರ್ಮಿಟ್ ಗಲಾಟೆ, ಎಲ್ಲಾರೂ ಮಾಡೋದ ಅಂತ ಹೇಳಿರಬೇಕು. ಸುಳ್ಳು ಪರ್ಮಿಟ್ ಇಟ್ಟುಕೊಂಡು ಕಾಡಿನ ಅದಿರು ಸಾಗಿಸಿದ್ದು ನಿಜ. ಆ ಡ್ರೈವರುಗಳಿಗೆ ಉಣ್ಣಲು ಹಾಕಿದವಳು ನಾನೇ, ನನ್ನ ಒಲೆಯೂ ಅದೇ ಧೂಳಿನಿಂದ ಉರಿದಿದೆ. ಆದರೆ ಸಂಡೂರು ಕಾಡಿನಲ್ಲಿ ಲಾರಿಗೆ ಅಡ್ಡ ನಿಂತ ಕಾವಲುಗಾರ ಗಾಳೆಪ್ಪನ ಕಾಲು ಮುರಿದರಲ್ಲ, ಅದಕ್ಕೆ ಏನನ್ನೋಣ? ಮುರಿದವರು ಅಣ್ಣನ ಆಳುಗಳು. ಅಣ್ಣ ಜೀಪಿನಲ್ಲಿ ಕೂತು ನೋಡುತ್ತಿದ್ದನಂತೆ.

ಗಾಳೆಪ್ಪ ನಮ್ಮಲ್ಲಿ ಉಣ್ಣುತ್ತಿದ್ದವನು. ಆಸ್ಪತ್ರೆಗೆ ದಿನಾ ನಾನೇ ಬುತ್ತಿ ಒಯ್ಯುತ್ತೇನೆ. ನಿನ್ನೆ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದವನು, ಅಕ್ಕಾ, ನಿಮ್ಮಣ್ಣ ಸಿಗತಾನೇನ್ರಿ ಅಂತ ಕೇಳಿದ. ನನಗೇನು ಗೊತ್ತಪ್ಪ ಅಂದೆ. ಹೌದಲ್ಲ, ಆಂವ ನಿಮ್ಮ ಮನಿ ನೀರ ಮುಟ್ಟಂಗಿಲ್ಲ ಅಂತ ನಕ್ಕ. ಒಂದೇ ಹಿಟ್ಟಿನ ರೊಟ್ಟಿ, ಒಂದು ಅವನ ಕೈಯಲ್ಲಿ, ಇನ್ನೊಂದು ನಮ್ಮ ಹಿಂದಿನ ಕೋಣೆಯಲ್ಲಿ.

ಲೆಕ್ಕ ಕೂಡದಿದ್ದರೆ ನನಗೆ ಸಮಾಧಾನವಿಲ್ಲ. ಊಟಕ್ಕೆ ಬರುವ ವಕೀಲರನ್ನು, ಯಾರದೋ ಸುದ್ದಿ ಎಂಬಂತೆ, ಗಂಡ ಸತ್ತಾಕಿ ತಾಳಿ ಇಲ್ಲದ ಇನ್ನೊಬ್ಬನ ಜೋಡಿ ಇದ್ರ ಯಾವ ಸೆಕ್ಷನ್ರಿ ಅಂತ ಕೇಳಿದೆ. ಅದಕ್ಯಾವ ಸೆಕ್ಷನ್ರಿ ಅಮ್ಮಾ, ಊರ ಬಾಯಿ ಐತಿ ಅಷ್ಟ ಅಂತ ನಕ್ಕರು. ಪೊಲೀಸರು ಹುಡುಕೋ ಮನುಷ್ಯಾನ ಮನ್ಯಾಗ ಇಟ್ಕೊಂಡ್ರ ಅಂದೆ. ಎತ್ತಿದ ತುತ್ತು ಹಾಗೇ ನಿಂತಿತು. ಅದಕ್ಕ ಐತ್ರಿ, ಒಡಹುಟ್ಟಿದವರಾದ್ರೂ ಬಿಡಂಗಿಲ್ಲ ಅಂದರು. ಆಮೇಲೆ ಮಜ್ಜಿಗೆಯನ್ನೂ ಕೇಳದೆ ಎದ್ದು ಹೋದರು.

ನೋಡು ಹೇಗಿದೆ. ಊರು ನನ್ನನ್ನು ಹೊರಗಿಟ್ಟ ಕೆಲಸಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ. ಕಾನೂನು ಹುಡುಕುತ್ತಿರುವ ಅಣ್ಣನಿಗೆ ಊರು ಹೋದ ತಿಂಗಳು ಶಾಲು ಹೊದಿಸಿತು, ನಿನ್ನ ಮದುವೆ ನಡೆಯುವ ಮಂಟಪಕ್ಕೆ ಸಾಗವಾನಿ ಬಾಗಿಲು ಮಾಡಿಸಿಕೊಟ್ಟನೆಂದು. ಕೆಟ್ಟವಳೆನಿಸಿಕೊಂಡು ಇಷ್ಟು ವರ್ಷ ಬಾಳಿದೆ, ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಮರ್ಯಾದಸ್ಥರ ಮಾತು ಕೇಳಿ ಈಗ ಮೊದಲ ಅಪರಾಧ ಮಾಡುತ್ತಿದ್ದೇನೆ. ಅಣ್ಣನನ್ನು ಹಿಡಿದುಕೊಟ್ಟರೆ ನಿನ್ನ ಮದುವೆ ಮುರಿಯುತ್ತದೆ, ಮತ್ತೆ ನೀನು ನನ್ನ ಮುಖ ನೋಡುವುದಿಲ್ಲ. ಕೊಡದಿದ್ದರೆ ನಾಳೆ ಗಾಳೆಪ್ಪನ ಮುಂದೆ ಬುತ್ತಿ ಹೇಗೆ ಬಿಚ್ಚಲಿ? ಎರ್ರಿಯಪ್ಪನನ್ನು ಕೇಳಿದರೆ, ನಿನ್ನ ಅಣ್ಣ, ನಿನ್ನ ಮಗಳು, ನಾ ಏನ್ ಹೇಳ್ಲಿ, ತಾಳಿ ಕಟ್ಟದಾಂವ ಅಂತ ಹೊರಗೆ ಹೋಗಿ ಬೀಡಿ ಹಚ್ಚಿದ.

ಇನ್ನು ಇವತ್ತಿನ ಮಾತು. ಅಣ್ಣ ಬರುವಾಗ ಬಾಟಲಿ ನೀರು ತಂದಿದ್ದ. ಊಟ ಹೇಗೆ ಅಂದರೆ, ರೊಟ್ಟಿಗೆ ಆಣಿ ಹತ್ತಂಗಿಲ್ಲ, ನಾ ಆಣಿ ಮಾಡಿದ್ದು ನೀರಿನ ಮ್ಯಾಲೆ ಅಷ್ಟ ಅಂದ. ರೊಟ್ಟಿಹಿಟ್ಟನ್ನು ನಾನು ಏನು ಹಾಕಿ ನಾದಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಬಾಟಲಿಗಳು ಬರಿದಾದವು. ಏಪ್ರಿಲ್ ಬಿಸಿಲು, ತಗಡಿನ ಕೋಣೆ. ನಾನು ಒಂದು ಕೊಡ ಇಟ್ಟು ಈಚೆ ಬಂದೆ. ಸಂದಿಯಿಂದ ನೋಡಿದರೆ ಚೊಂಬು ಎತ್ತಿದ, ಇಳಿಸಿದ, ಮತ್ತೆ ಎತ್ತಿ ಗಟಗಟ ಕುಡಿದ. ಅವನ ಗಂಟಲು ಆಡುವುದನ್ನು ನೋಡಿ ನನಗೆ ಕಣ್ಣು ತುಂಬಿತು. ಏನೇ ಆದರೂ ಒಡಹುಟ್ಟಿದವನು.

ಒಳಗೆ ಹೋದೆ. ನನ್ನ ಕೈ ಹಿಡಿದು ಅಳತೊಡಗಿದ. ಗಾಳೆಪ್ಪನ ಮಾತು ಬಂತು ಅಂದುಕೊಂಡೆ. ಚೆನ್ನೀ, ನಿನ್ನ ಕಾಲಿಗೆ ಬೀಳತೀನಿ, ನಾ ನೀರು ಕುಡದದ್ದು ಕಂಪ್ಲಿಯಾಗ ಯಾರ ಮುಂದೂ ಹೇಳಬ್ಯಾಡ ಅಂದ.

ಗಾಳೆಪ್ಪನ ಕಾಲು ಅಂದೆ. ಅದನ್ನ ಕೋರ್ಟು ನೋಡ್ಕೋತೈತಿ ಬಿಡು ಅಂದ.

ಆಗಿನಿಂದ ನನ್ನ ತಲೆ ಓಡುತ್ತಿಲ್ಲ. ಅವನು ನಾಟಕ ಆಡಲಿಲ್ಲವ್ವ, ನಿಜವಾಗಿ ನಡುಗುತ್ತಿದ್ದ. ನಾಚಿಕೆ ಇದೆ ಅವನಿಗೆ, ಇಳಿಯಬೇಕಾದ ಕಡೆ ಬಿಟ್ಟು ಬೇರೆ ಯಾರದೋ ಅಂಗಳದಲ್ಲಿ ಇಳಿಸಿ ಹೋದ ಲೋಡಿನ ಹಾಗೆ. ಆದರೆ ನಾನೇನು ಹೆಚ್ಚಿನವಳು? ಗಾಳೆಪ್ಪನ ಕಾಲಿಗಿಂತ ನಿನ್ನ ಮದುವೆಗೆ ಬರಲಾಗದ್ದೇ ನನಗೆ ಹೆಚ್ಚು ನೋಯುತ್ತಿದೆ. ನೀನು ನನ್ನ ಮನೆಯಲ್ಲಿ ಹುಟ್ಟಿ ಅವನ ಮನೆಯಲ್ಲಿ ಬೆಳೆದವಳು, ಎರಡೂ ಕಡೆಯ ತೂಕ ನಿನಗಾದರೂ ಗೊತ್ತಿರಬೇಕು.

ಇಂತಿ,
ಲಗ್ನಪತ್ರಿಕೆಯಲ್ಲಿ ಹೆಸರಿಲ್ಲದ ನಿನ್ನ ಹಡೆದವ್ವ
ಚೆನ್ನಬಸಮ್ಮ

ತಾ.ಕ.: ಎರ್ರಿಯಪ್ಪನೇ ಕಂಪ್ಲಿಗೆ ಬಂದು ಈ ಕವರನ್ನು ನಿನ್ನ ಕೈಗೆ ಕೊಡುತ್ತಾನೆ. ತಳದಲ್ಲಿ ಒಂದು ಕೀಲಿಕೈ ಇದೆ, ನೋಡು. ಹಿಂದಿನ ಕೋಣೆಗೆ ಹೊರಗಿನಿಂದ ಬೀಗ ಹಾಕಿದ್ದೇನೆ, ಇನ್ನೊಂದು ಕೀಲಿಯಿಲ್ಲ. ಅಣ್ಣ ಕೂಗುವ ಹಾಗಿಲ್ಲ. ಒಳಗೆ ರೊಟ್ಟಿ ಇದೆ, ನೀರೂ ಇದೆ. ಇದಕ್ಕೂ ಒಂದು ಸೆಕ್ಷನ್ ಇರಬೇಕು, ವಕೀಲರನ್ನು ಕೇಳಲಿಲ್ಲ. ನೀನೇ ಬಂದು ತೆಗೆ. ಆಮೇಲೆ ಮಂಟಪಕ್ಕೋ ಠಾಣೆಗೋ, ಎಲ್ಲಿಗೆ ಬೇಕೋ ಅಲ್ಲಿಗೆ ಕರೆದುಕೊಂಡು ಹೋಗು. ನನ್ನ ಹೊಸ್ತಿಲು ದಾಟದೆ ಮಾತ್ರ ಆಗುವುದಿಲ್ಲ. ಬಿಸಿಲಲ್ಲಿ ಬರುತ್ತೀ. ಮುಂದಿನ ಕೋಣೆಯಲ್ಲೂ ಒಂದು ಕೊಡ ತುಂಬಿಸಿಟ್ಟಿದ್ದೇನೆ.