ಸಮತಾಳ ಬಯಕೆ

ಹಾನಗಲ್
೨೧ ಆಗಸ್ಟ್ ೨೦೨೪

ಮಗಳೇ ಸಮತಾ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳುವೇ ಬರುತ್ತದೆ, ಹೇಳಬೇಕಾದ್ದು ಹೇಳದೆಯೇ ಫೋನು ಇಟ್ಟುಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದು.

ಗಂಡ ಸತ್ತವಳಿಗೆ ಎಂಥ ಕುಬಸ, ಎಂಥ ಸೀಮಂತ ಎಂದವರು ಇದ್ದರು. ನಿನಗೆ ಹಸಿರು ಸೀರೆ ಉಡಿಸದಿದ್ದರೆ ನನ್ನ ಮಗ ಚಂದ್ರುವಿಗೆ ಬೇಜಾರಾಗುತ್ತಿತ್ತು, ಅದಕ್ಕೆ ಮಾಡಿದೆ. ಮರುದಿನವೇ ನೀನು ಹೇಳದೆ ಹಿರೇಕೆರೂರಿಗೆ, ತವರಿಗೆ ಹೋದೆ. ನನಗೆ ಸಿಟ್ಟಿಲ್ಲ. ಅವನು ಹೋದ ಮೇಲೆ ಈ ಮನೆಯಲ್ಲಿ ಯಾರಿಗೆ ನಿದ್ದೆ ಬಂದಿದೆ? ಬೈಕಿನ ಸದ್ದಾದರೆ ನಾನು ಈಗಲೂ ಬಾಗಿಲಿಗೆ ಹೋಗುತ್ತೇನೆ.

ನಿನ್ನ ಮಾವ ಎಲ್ಲ ಹೇಳಿದರು. ನಿದ್ದೆ ಇಲ್ಲವೆಂದು ನೀನು ಕುಡಿಯಲು ಸೆರೆ ಕೇಳಿದಾಗ ಗಾಬರಿಯಾದರಂತೆ. "ಬಯಕಿ ಐತ್ರಿ ಮಾವಾರ" ಎಂದೆಯಂತೆ ನೀನು. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ಅವರವ್ವ ಹೇಳಿದ್ದನ್ನು ಅವರು ಇಂದಿಗೂ ನಂಬುತ್ತಾರೆ. ಹುಣಸೆಕಾಯಿ ತಂದುಕೊಟ್ಟ ಹಾಗೆ, ಮೆಂತ್ಯದ ಸೊಪ್ಪಿನ ಕೆಳಗಿಟ್ಟು ಸೆರೆಯ ಪಾಕೀಟು ತಂದರು. ದಿನಾ ತಂದರು. ಎಂದೂ ಒಂದು ಹನಿ ಮುಟ್ಟದ ಮನುಷ್ಯ ಅಂಗಡಿಯವನಿಗೆ, "ಚಲೋದು ನೋಡಿ ಕೊಡಪಾ, ಬಸುರಿಗೆ" ಎಂದರಂತೆ! ಅಳುತ್ತಿದ್ದ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆವತ್ತಿನಿಂದ ಸರಿಯಾಗಿ ಉಂಡಿಲ್ಲ.

ನಿನ್ನೆ ದವಾಖಾನೆಗೆ ಹೋಗಿ, ನಿನ್ನ ಹೆಸರು ಹೇಳದೆ ನರ್ಸ್ ನುಜಹತಳನ್ನು ಕೇಳಿದೆ. "ಸ್ವಲ್ಪ ಕುಡಿದ್ರ ನಡೀತೈತಿ ಅನ್ನೂದು ಇಲ್ಲರಿ ಅವ್ವಾರ. ತಾಯಿ ಕುಡಿದದ್ದು ಕೂಸಿಗೂ ಹೋಗತೈತಿ. ಯಾವಾಗ ಬಿಟ್ರೂ ಕೂಸಿಗೆ ಚಲೋನ. ಆದ್ರ ಕೈ ನಡಗತಿದ್ರ ತಾನ ಒಮ್ಮೆಲೇ ಕುಡಿಯೂದು ಬಿಡಬಾರದು, ಡಾಕ್ಟರ್‌ಗೆ ಹೇಳ್ರಿ. ಬೈಬ್ಯಾಡ್ರಿ ಮತ್ತ, ಬೈದ್ರ ಮುಚ್ಚಿಡ್ತಾರ" ಎಂದಳು.

ನೀನು ಇಲ್ಲಿದ್ದಾಗ ಮುಂಜಾನೆ ನಿನ್ನ ಕೈಯಲ್ಲಿ ಚಹಾದ ಕಪ್ಪು ನಡುಗುವುದನ್ನು ನೋಡಿದ್ದೆ. ದುಃಖಕ್ಕೆ ಎಂದುಕೊಂಡಿದ್ದೆ.

ಡಾಕ್ಟರು ಕೇಳುತ್ತಾರೆಂಬ ಹೆದರಿಕೆಗೆ ನೀನು ತಪಾಸಣೆಗೇ ಹೋಗುತ್ತಿಲ್ಲವೆಂದು ನಿಮ್ಮವ್ವ ಹೇಳಿದರು. ಸೋಮವಾರ ನಾನು ಬರುತ್ತೇನೆ, ಇಬ್ಬರೂ ಹೋಗೋಣ. ಹೇಳಬೇಕಾದವಳು ನೀನೇ, ಪಕ್ಕದಲ್ಲಿ ನಾನಿರುತ್ತೇನೆ. ಕೂಸಿಗೆ ಏನಾದರೂ ಆಗಿದೆಯೋ ಇಲ್ಲವೋ ನನಗೆ ತಿಳಿಯದು, ಸುಳ್ಳು ಧೈರ್ಯ ಹೇಳಲಾರೆ. ಹೇಗೆ ಬಂದರೂ ಅದು ನಮ್ಮ ಕೂಸು. ನೀನೂ ನಮ್ಮವಳೇ.

ನಿನ್ನ ದಾರಿ ಕಾಯುವ ಅತ್ತೆ,
ಫಕ್ಕೀರವ್ವ

ತಾ.ಕ.: ಕುಬಸದ ದಿನ ಉಡಿ ತುಂಬುವಾಗ ಎದುರುಮನೆಯಾಕೆ, "ಯವ್ವಾ, ಯಾರ ಬಾಯಾಗಿಂದ ಸೆರಿ ವಾಸನಿ ಬರಾಕತ್ತೈತಿ?" ಎಂದ ಕೂಡಲೇ ನೀನು ಒಳಗೆ ಓಡಿದೆ, ನನ್ನ ಉತ್ತರ ಕೇಳಲಿಲ್ಲ. "ನಂದ ಐತಿ ಬಿಡವಾ, ಮಗನ್ನ ಕಳಕೊಂಡಾಕಿ ಅದೇನಿ" ಎಂದೆ. ಶ್ರಾವಣವಾದರೂ ಓಣಿಯಲ್ಲಿ ಯಾರೂ ಈಗ ನನ್ನನ್ನು ಉಡಿ ತುಂಬಲು ಕರೆಯುತ್ತಿಲ್ಲ. ಹಾಗಾಗಿ ಸೋಮವಾರ ಪೂರ್ತಿ ಬಿಡುವಾಗಿದ್ದೇನೆ.